ಅದು ಮುಟ್ಟಲ್ಲ ಕಣಕ್ಕ

“ಏನಕ್ಕಾ, ದೇವ್ರಿಗೆ ಅಣ್ಣಾರು ದೀಪ ಅಚ್ತಾವ್ರೆ, ನೀನು ಜಗುಲೀಲಿ ಕುಂತಿದ್ದೀಯ?” ಬಿ.ಪಿ. ನೋಡಲು ಬಂದ ನಮ್ಮೂರ ಆಶಾ ಕಾರ್ಯಕರ್ತೆ ಬಾಗಿಲಲ್ಲೇ ಕೇಳಿದಳು.

ಐವತ್ತೆಂಟರ ನಾನು ಒಳಗಿದ್ದ ಗಂಡನಿಗೆ ಕೇಳಿಸದಂತೆ ನಾಚಿಕೊಂಡೇ ಹೇಳಿದೆ: ಎಂದೋ ನಿಂತಿದ್ದ ಮುಟ್ಟು ಎರಡು ತಿಂಗಳಿಂದ ಮತ್ತೆ ಶುರುವಾಗಿದೆ, ಕೆಂಪು ಕಂಡಾಗಲೆಲ್ಲ ಮೂರು ದಿನ ದೇವರ ಮನೆಗೆ ಹೋಗುತ್ತಿಲ್ಲ.

“ಈ ವಯಸ್ನಲ್ಲಿ ಯಾವ ಮುಟ್ಟಕ್ಕಾ? ಉಚ್ಚೆ ಉಯ್ಯೋವಾಗ ಬತ್ತದಾ, ಸುಮ್ಕಿದ್ರೂ ಬತ್ತದಾ?”

ಯೋಚಿಸಿದೆ. ಉಚ್ಚೆಯ ಜೊತೆ ಮಾತ್ರ. ನೋವಂತೂ ಇರಲಿಲ್ಲ.

“ಅಂಗಾರೆ ಅದು ಮುಟ್ಟಲ್ಲ ಕಣಕ್ಕ. ಏಳು, ಸೀರೆ ಬದ್ಲಾಯ್ಸು” ಎಂದವಳೇ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬೆಸಗರಹಳ್ಳಿಯಿಂದ ಮದ್ದೂರಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಂದ ಮಂಡ್ಯಕ್ಕೆ ಕಳಿಸಿದರು. ಮೂತ್ರ ಹೊರಬರುವ ನಾಳದಲ್ಲಿ ಸಣ್ಣ ಗಂಟಿತ್ತು. ಅದರ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. “ತೀರಾ ಅಪರೂಪದ್ದಮ್ಮ. ಆದ್ರೆ ಎಲ್ಲೂ ಹರಡಿಲ್ಲ” ಎಂದರು ಡಾಕ್ಟರು. ಆಪರೇಷನ್ ಆಗಿ ವರ್ಷವಾಯಿತು. ಮೊನ್ನೆಯ ತಪಾಸಣೆಯಲ್ಲೂ ಏನೂ ಕಾಣಲಿಲ್ಲ.

ಗಂಡನಿಗೂ ಬಿಡಿಸಿ ಹೇಳದ್ದನ್ನು ಕೇಳಿ ತಿಳಿದುಕೊಂಡ ಆ ಹುಡುಗಿಯನ್ನು ಮನೆಗೆ ಕಳಿಸಿದ ದೇವರಿಗೆ ದಿನವೂ ಕೈಮುಗಿಯುತ್ತೇನೆ. ಈಗ ಹೂ ಕಟ್ಟಲು ಕುಳಿತಾಗ ಓರಗಿತ್ತಿಯರನ್ನು ನಾನೇ ಅದೇ ರೀತಿ ಕೇಳುತ್ತೇನೆ. ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಕ್ಕಾದ ಮೇಲೆ ಹೇಳುತ್ತಾರೆ.