ಸೇತುರಾಮಯ್ಯನವರ ತೀರ್ಪು

ಕೋಲಾರದ ರಾಜ್ಯೋತ್ಸವ ಕವಿಗೋಷ್ಠಿಗೆ ಕವಿತೆ ಆರಿಸುವವರು ನಿವೃತ್ತ ಮೇಷ್ಟ್ರು ಸೇತುರಾಮಯ್ಯನವರೇ. ಪ್ರತಿ ಕವಿತೆಯನ್ನೂ ಮೈದಾನದಲ್ಲಿ ನಿಂತು ಗಟ್ಟಿಯಾಗಿ ಓದುತ್ತಾರೆ. ಗೇಟಿನ ಬಳಿಯ ಕಡಲೇಕಾಯಿಯವನು ತಿರುಗಿ ನೋಡದಿದ್ದರೆ ಅದು ನಪಾಸು. ಹದಿನೈದು ಸಲ 'ಎದ್ದೇಳಿ' ಎಂದು ಬರೆದಿದ್ದ ಅಧಿಕಾರಿಯೊಬ್ಬರಿಗೆ, "ಸ್ವಾಮಿ, ಜನ ಕೂತ್ಕೊಳ್ಳೋದು ಯಾವಾಗ?" ಎಂದು ಕೇಳಿ ಕವಿತೆ ವಾಪಸು ಕೊಟ್ಟಿದ್ದರು. ಒಂದು ವರ್ಷ, ಸುಗಟೂರಿನಲ್ಲಿ ರೇಷ್ಮೆ ಸಾಕುವ ಗಂಗಾಲಕ್ಷ್ಮಿ, ತನ್ನನ್ನು ಮೊದಲ ದಿನ ಕನ್ನಡ ಶಾಲೆಗೆ ಬಿಟ್ಟ ಅಮ್ಮನ ಬಗ್ಗೆ ಬರೆದಳು. ಅಮ್ಮ ತೆಲುಗಿನಲ್ಲಿ "ಚದುವುಕೋ ತಲ್ಲಿ", ಓದಿಕೋ ತಾಯಿ, ಎನ್ನುತ್ತಾಳೆ. "ರಾಜ್ಯೋತ್ಸವಕ್ಕೆ ತೆಲುಗು ಬೇಡ ಸಾರ್, ಆ ಸಾಲು ತೆಗೆಸಿ," ಎಂದರು ಸಮಿತಿಯವರು. ಸೇತುರಾಮಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮಮ್ಮ ನನ್ನನ್ನೂ ಹಿಂಗೇ ಹೇಳಿ ಶಾಲೆಗೆ ಬಿಟ್ಟಿದ್ದು ಕಣ್ರೀ. ನನಗೆ ಕನ್ನಡ ಬಂದಿದ್ದೇ ಆ ಮಾತಿಂದ," ಎಂದವರೇ ಕವಿತೆಯ ಮೇಲೆ 'ಮೊದಲು ಓದತಕ್ಕದ್ದು' ಎಂದು ಬರೆದು ಸಹಿ ಹಾಕಿದರು.