ಹವಳದ ತೊಟ್ಟಿಗೆ ಅವ್ವನ ಸಾರಿನ ಬುದ್ಧಿ

ಸ್ನೇಹಿತರೇ, ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ಬೈಯಬೇಡಿ.

ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುವ ಅಣ್ಣ ನನಗೆಂದು ತಂದ ಜೀವಂತ ಹವಳ ನಾಲ್ಕು ದಿನದಿಂದ ಮುದುಡಿಕೊಂಡಿತ್ತು. ಸಮುದ್ರದ ಜೀವವಲ್ಲವೇ ಎಂದು, ಮೀನು ಸಾಕಿದ ಗಾಜಿನ ತೊಟ್ಟಿಯಲ್ಲಿ ನೀರು ಆರಿ ಇಳಿದಾಗಲೆಲ್ಲ ಉಪ್ಪು ಕದಡಿದ ನೀರನ್ನೇ ತುಂಬಿಸುತ್ತಿದ್ದೆ. ನಿನ್ನೆ ಉಪ್ಪು ಅಳೆಯುವ ಮೀಟರ್ ಇಟ್ಟು ನೋಡಿದರೆ ಉಪ್ಪು ವಿಪರೀತ ಏರಿತ್ತು. ಹವಳ ಸತ್ತೇಹೋಯಿತೆಂದು ಅಳುತ್ತಾ ಕೂತೆ.

ಸೌಟು ಹಿಡಿದುಕೊಂಡೇ ಅವ್ವ ಬಂದು, ನಾನು ಉಪ್ಪುನೀರು ತುಂಬಿಸಿದ್ದನ್ನೆಲ್ಲ ಕೇಳಿದಳು. “ನೀರು ಆರೋಯ್ತದೆ ಕಣಮ್ಮಿ, ಉಪ್ಪು ಎಲ್ಲಿಗೋದಾತು? ಸಾರು ಬತ್ತೋದ್ರೆ ನೀರಾಕ್ತರೋ, ಉಪ್ಪಾಕ್ತರೋ?”

“ಇದು ಸಾರಲ್ಲ ಕಣವ್ವ.”

“ಮೀನಾಕಿ ನೀ ಮಾಡಿರದೂ ಸಾರೇಯ, ಬುಡು!”

ಅವ್ವ ಇನ್ನೂ ಸಮುದ್ರ ನೋಡಿಲ್ಲ. ಆದರೂ ಅವಳ ಮಾತು ಹಿಡಿದು, ಇವತ್ತು ಬೆಳಿಗ್ಗೆ ಒಂದು ಲೋಟ ಉಪ್ಪುನೀರು ತೆಗೆದು, ಒಂದು ಲೋಟ ಫಿಲ್ಟರ್ ನೀರನ್ನು ನಿಧಾನವಾಗಿ ಬಿಟ್ಟೆ. ಸಂಜೆ ಹೊತ್ತಿಗೆ ಮುದುಡಿದ್ದ ಹವಳದ ಒಂದು ಎಳೆ ಹೊರಗೆ ಇಣುಕಿತು.