ಕಬಡ್ಡಿಯ ತಪ್ಪಿಗೆ ಖೋಖೋಗೆ ಶಿಕ್ಷೆ

ಹೊಳೆನರಸೀಪುರದ ಕಾಲೇಜಿನಲ್ಲಿ ಅದು ನನ್ನ ಕೊನೇ ವರ್ಷ. ಖೋಖೋ ಹುಡುಗಿಯರಿಗೆ ನಾನೇ ಕ್ಯಾಪ್ಟನ್. ಚನ್ನರಾಯಪಟ್ಟಣದ ಅಂತರ ಕಾಲೇಜು ಟೂರ್ನಮೆಂಟಿನಲ್ಲಿ ಚೆನ್ನಾಗಿ ಆಡಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ಪಿ.ಟಿ. ಟೀಚರಾಗಲು ಬೇಕಾದ ಬಿ.ಪಿ.ಎಡ್. ಸೀಟು. ಇಲ್ಲದಿದ್ದರೆ ಓದು ಅಲ್ಲಿಗೇ ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ನಮ್ಮ ಕಬಡ್ಡಿ ಹುಡುಗರು ಎಡವಟ್ಟು ಮಾಡಿಕೊಂಡರು. ಅವರ ಮುಖ್ಯ ರೈಡರು ಅರಕಲಗೂಡಿನ ಕಡೆಯವನು. ಶುಂಠಿ ಕೀಳುವ ಗಡಿಬಿಡಿಯಲ್ಲಿ ಆ ವರ್ಷ ಅಡ್ಮಿಷನ್ನೇ ಮಾಡಿಸಿರಲಿಲ್ಲ. ಸಂಜೆ ಪ್ರಾಕ್ಟೀಸಿಗೆ ಮಾತ್ರ ತಪ್ಪದೆ ಬರುತ್ತಿದ್ದ. ದಿನಾ ಗ್ರೌಂಡಿನಲ್ಲಿ ಕಾಣುವವನನ್ನು 'ನೀನು ಕಾಲೇಜಿನವನೇನಪ್ಪಾ' ಎಂದು ಯಾರು ಕೇಳುತ್ತಾರೆ? ಪಿ.ಟಿ. ಮೇಷ್ಟ್ರೂ ಕೇಳಲಿಲ್ಲ. ಹೋದ ವರ್ಷದ ಐಡಿ ಕಾರ್ಡು ಹಿಡಿದು ಅಂತರ ಕಾಲೇಜು ಪಂದ್ಯಕ್ಕೂ ಇಳಿದ. ಎದುರು ತಂಡದವರು ದೂರು ಕೊಟ್ಟ ಮೇಲೆ ಮೇಷ್ಟ್ರು ಗದರಿದರೆ, "ದಿನಾ ಬತ್ತಿದ್ನಲ್ಲಾ ಸಾ, ಇನ್ನೇನ್ ಬೇಕು?" ಎಂದನಂತೆ.

ವಿಶ್ವವಿದ್ಯಾಲಯದ ಕ್ರೀಡಾ ಸಮಿತಿಯಿಂದ ಕಾಲೇಜಿಗೆ ಎರಡು ವರ್ಷ ನಿಷೇಧ ಬಿತ್ತು. ಎಲ್ಲ ಆಟಕ್ಕೂ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಯ್ತಲ್ಲ ಮಗಾ," ಎಂದಳು ಅವ್ವ. ಆ ರೈಡರ್ ಮಹಾಶಯ ಮಾತ್ರ ಭಾನುವಾರವೇ ಹಳ್ಳಿ ಟೂರ್ನಮೆಂಟಿನಲ್ಲಿ ಆಡಿ ಕಪ್ಪು ಹೊತ್ತುಕೊಂಡು ಬಂದ. ಅವನನ್ನು ಯಾರು ತಡೆಯುತ್ತಾರೆ, ಅವನು ಯಾವ ಕಾಲೇಜಿನವನೂ ಅಲ್ಲವಲ್ಲ!

ಕ್ರೀಡಾ ಸಮಿತಿಯವರನ್ನು ಕಾಣಲು ಮೇಷ್ಟ್ರ ಜೊತೆ ಹಾಸನಕ್ಕೆ ಹೋದೆ. ಅಧಿಕಾರಿ ಮೆತ್ತಗೇ ಹೇಳಿದರು: "ಶಿಕ್ಷೆ ಕಾಲೇಜಿಗಮ್ಮಾ, ನಿನಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಂಗಾದ್ರೆ ಆಡ್ದೆ ಕೂತ್ಕೊಳೋರ್ಯಾರು ಸಾ? ಕಾಲೇಜಿನ ಗೋಡೆನಾ?"

"ಸುಮ್ಕಿರವ್ವಾ," ಎಂದು ಮೇಷ್ಟ್ರು ಹೆದರಿ ನನ್ನ ಕಡೆ ನೋಡಿದರು. ಅಧಿಕಾರಿ ಸಿಟ್ಟಾಗಲಿಲ್ಲ. ಸಮಿತಿಯಲ್ಲಿ ಮಾತಾಡುತ್ತೇನೆ ಎಂದರು.

ಆ ಒಂದು ಮಾತು ಹಿಡಿದುಕೊಂಡು ಪ್ರಾಕ್ಟೀಸು ಬಿಡದೆ ನಡೆಸಿದೆ. ಮೇಷ್ಟ್ರ ಫೋನು ರಿಂಗಾದಾಗಲೆಲ್ಲ ಆಟ ನಿಲ್ಲಿಸಿ ಅವರ ಕಡೆ ನೋಡುತ್ತಿದ್ದೆ. ಎದುರು ಮಾತಾಡಿ ಕೆಡಿಸಿಬಿಟ್ಟೆನೇ ಎಂಬ ಭಯ ಬೇರೆ.

ಟೂರ್ನಮೆಂಟಿನ ಹಿಂದಿನ ದಿನ ಮೇಷ್ಟ್ರು ಫೋನು ಹಿಡಿದುಕೊಂಡೇ ಗ್ರೌಂಡಿಗೆ ಓಡಿ ಬಂದರು. "ಎರಡ್ ವರ್ಸ ಇದ್ದುದ್ನ ಇದೊಂದೇ ವರ್ಸಕ್ಕೆ ಇಳ್ಸವ್ರೆ ಕಣ್ರವ್ವಾ!"

ಜೂನಿಯರುಗಳು ಕಿರುಚಿಕೊಂಡು ಬಂದು ನನ್ನನ್ನು ತಬ್ಬಿಕೊಂಡರು. "ನೀನ್ ಮಾತಾಡಿದ್ಕೇ ಆಗಿದ್ದು ಕಣಕ್ಕಾ! ಮುಂದಿನ್ ವರ್ಸ ನಾವೆಲ್ಲಾ ಆಡ್ಬೋದು!"